ನಿನ್ನ ಕಾರಿನ ಖಾರದ ಗಾಳಿ

ಅಕ್ಕಾ,

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ರಜೆ ಕೋರಿ ಹೆಡ್‌ಮಾಸ್ಟರಿಗೆ ಬರೆದದ್ದೇ ನನ್ನ ಕೊನೆಯ ಪತ್ರ. ಅದಾದ ಮೇಲೆ ಪೆನ್ನು ಹಿಡಿದು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡ. ನಿನ್ನ ನಂಬರ್ ಇನ್ನೂ ಫೋನಿನಲ್ಲಿದೆ. ಒಂದು ದಿನ ತಡೆಯಲಾರದೆ ಒತ್ತಿಯೂ ಬಿಟ್ಟೆ. ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಒಬ್ಬಳು ಮೊದಲು ಕನ್ನಡದಲ್ಲಿ ಹೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ. ಎರಡನ್ನೂ ಪೂರ್ತಿ ಕೇಳಿದೆ. ನಿನ್ನ ಕಾರಿನ ಏಸಿ ರಿಪೇರಿ ಆಯಿತು ಅಂತ ಹೇಳಬೇಕಿತ್ತು, ಅಷ್ಟೇ. ಇಲ್ಲ, ಅಷ್ಟೇ ಅಲ್ಲ. ಇನ್ನೊಂದು ಮಾತಿತ್ತು...

ನೀನು ಆ ಬಿಳಿ ಕಾರು ತಂದ ದಿನ ನೆನಪಿದೆಯಾ? ಹಚ್ಚೊಳ್ಳಿಯ ಗಂಡನ ಮನೆ ಬಿಟ್ಟು ಒಂದೇ ಬ್ಯಾಗು ಹಿಡಿದು ಸಿರುಗುಪ್ಪಕ್ಕೆ ಬಂದವಳು ನೀನು. ಅವ್ವ ಹೋದ ಮೇಲೆ ನಾನೊಬ್ಬನೇ ಬ್ರೆಡ್ಡು ತಿಂದುಕೊಂಡು ಬಿದ್ದಿದ್ದ ಮನೆಯಲ್ಲಿ ಆವತ್ತು ಒಲೆ ಹತ್ತಿತು. ಆಮೇಲೆ ನೀನು ಡ್ರೈವಿಂಗ್ ಕಲಿತೆ. ಓಣಿಯ ಗಂಡಸರೆಲ್ಲ ಕಟ್ಟೆಯ ಮೇಲೆ ಕೂತು, ‘ಹುಲಿಗೆಮ್ಮ ಬರ್ತಾಳ, ಕೋಳಿ ಒಳಗ ಹಾಕ್ರಲೇ’ ಅಂತ ಕೂಗುತ್ತಿದ್ದರು. ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಮೊದಲ ನಿಮ್ಮ ಕಾಲು ಒಳಗ ತಗೋರಿ’ ಅನ್ನುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಕಾರು. ಆದರೆ ಅದರಲ್ಲಿ ನಂಬರ್ ಒತ್ತುವ ಏಸಿ ಇತ್ತು. ಇಪ್ಪತ್ನಾಲ್ಕು ಅಂತ ಒತ್ತಿದರೆ ಹೊರಗೆ ನಲವತ್ತೆರಡಿದ್ದರೂ ಒಳಗೆ ಇಪ್ಪತ್ನಾಲ್ಕೇ. ಕಾರಿನ ಬೇರೆ ಯಾವುದರ ಬಗ್ಗೆಯೂ ನೀನು ಜಂಬ ಕೊಚ್ಚಲಿಲ್ಲ, ಅದೊಂದರ ಬಗ್ಗೆ ಬಿಟ್ಟು.

ಆ ಏಸಿ ನೋಡಿಯೇ ಅಲ್ಲವೇ ಟೀಚರುಗಳು ನಿನ್ನ ಕಾರಿಗೆ ಬಂದದ್ದು? ಶಾರದಾ ಟೀಚರ್, ಸುಮಾ ಟೀಚರ್, ಗಣಿತದ ಸರ್. ಮೂವರೂ ಸಿರುಗುಪ್ಪದವರು, ಮೂವರ ಶಾಲೆಯೂ ಕುರುಗೋಡಿನಲ್ಲಿ. ಬೆಳಿಗ್ಗೆ ಬಿಡುವುದು, ಅಲ್ಲೇ ಉಳಿದು ಆ ಊರೊಳಗೆ ಒಂದೆರಡು ಬಾಡಿಗೆ ಹೊಡೆಯುವುದು, ಸಂಜೆ ಕರೆತರುವುದು. ನಿನಗೆ ಒಂದು ದಿನವೂ ಬೇಜಾರಾಗಲಿಲ್ಲ. ನಾನು ಮಾತ್ರ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ದಾರ ಕತ್ತರಿಸುವ ಕೆಲಸ ಬಿಟ್ಟು ಬಣ್ಣ ತೊಳೆಯುವ ಕಡೆ ಹೋದೆ, ಅದನ್ನು ಬಿಟ್ಟು ಮೊಬೈಲ್ ಅಂಗಡಿಗೆ, ಅಲ್ಲಿಂದ ಟಿಪ್ಪರ್‌ಗೆ. ಪ್ರತಿ ಸಲ ಫೋನಿನಲ್ಲಿ ನಿನ್ನದು ಒಂದೇ ಪ್ರಶ್ನೆ: ‘ಈಗ ಎಲ್ಲಿ ಅದಿಯಲೇ?’

ಎರಡು ವರ್ಷದ ಹಿಂದಿನ ದೀಪಾವಳಿ. ನಾನು ಊರಿಗೆ ಬಂದಿದ್ದೆ. ಏಸಿಯ ಗಾಳಿ ಸಣ್ಣಗಾಗಿದೆ, ಹಿಂದಿನ ಸೀಟಿಗೆ ಮುಟ್ಟುತ್ತಿಲ್ಲ ಅಂದೆ ನೀನು. ‘ಬಿಡು, ನಾ ನೋಡ್ತೀನಿ’ ಅಂದೆ ನಾನು. ನೀನು ಒಳಗೆ ಶೇಂಗಾ ಹುರಿಯುತ್ತಿದ್ದೆ. ಹತ್ತು ನಿಮಿಷದಲ್ಲಿ ಗಾಳಿ ಎರಡು ಪಟ್ಟಾಯಿತು. ಏನು ಮಾಡಿದೆ ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೆರಗು ಹಾರುವಷ್ಟು ಗಾಳಿ ಬಿಟ್ಟುಕೊಂಡು ಕೂತು ಎಷ್ಟು ನಕ್ಕೆ! ಓಣಿಯಲ್ಲಿ ಸಿಕ್ಕವರಿಗೆಲ್ಲ, ‘ನಮ್ಮ ಎರ್ರಿ ಮಾಡಿದ್ದು, ಶೋರೂಮಿನವರಿಗೂ ಬರಾಂಗಿಲ್ಲ’ ಅಂದೆ. ನನ್ನ ಬಗ್ಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು.

ಸಂಕ್ರಾಂತಿ ಕಳೆದ ಮೇಲೆ ಮೆಣಸಿನಕಾಯಿ ಬಂತು. ಭಾನುವಾರ ಟೀಚರುಗಳಿಗೆ ರಜೆ, ನಿನಗಿಲ್ಲ. ಹಿಂದಿನ ಸೀಟು ಮಡಚಿ ಕುರುಗೋಡಿನ ಹೊಲಗಳಿಂದ ಒಣ ಮೆಣಸಿನಕಾಯಿ ಚೀಲ ಹೇರಿಕೊಂಡು ಬಳ್ಳಾರಿಯ ಕೋಲ್ಡ್ ಸ್ಟೋರೇಜಿಗೆ ಮುಟ್ಟಿಸುತ್ತಿದ್ದೆ. ನಮ್ಮ ಕಡೆ ಸೀಸನ್ನಿನಲ್ಲಿ ಯಾರು ಹೇರುವುದಿಲ್ಲ? ಆಟೋದಲ್ಲಿ ಹೇರುತ್ತಾರೆ, ಬೈಕಿನಲ್ಲಿ ಹೇರುತ್ತಾರೆ. ಹಿಂದಿನ ವರ್ಷವೂ ನೀನು ಹೇರಿದ್ದೆ, ಏನೂ ಆಗಿರಲಿಲ್ಲ. ಈ ಸಲ ಮಾತ್ರ ಸೋಮವಾರ ಏಸಿ ಹಾಕಿದರೆ ಕಾರಿನ ತುಂಬ ಸೀನು. ಶಿವರಾತ್ರಿಯ ಹೊತ್ತಿಗೆ ಕಣ್ಣಲ್ಲಿ ನೀರು ಸುರಿಯುವಷ್ಟು ಖಾರ, ಗಾಳಿಯೂ ಮತ್ತೆ ಸಣ್ಣ, ತಂಪೂ ಇಲ್ಲ. ನೀನು ಫೋನಿನಲ್ಲಿ ಅವರ ದನಿ ತೆಗೆದು ಹೇಳುತ್ತಿದ್ದೆ. ಗಣಿತದ ಸರ್: ‘ಹುಲಿಗೆಮ್ಮ, ಬಂದ್ ಮಾಡವ್ವ. ನಾ ಸಾಲಿಗೆ ಹೊಂಟೀನಿ, ಒಗ್ಗರಣಿ ಕುಡ್ಯಾಕಲ್ಲ.’ ಶಾರದಾ ಟೀಚರ್: ‘ನಾ ಅತ್ತಕೋಂತ ಬಂದೀನಿ ಅಂತ ಹುಡುಗ್ರು ಸಮಾಧಾನ ಮಾಡಾಕ ಹತ್ಯಾವಲ್ಲ!’ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ನಗುವುದಕ್ಕಾಗಿ ನೀನು ಹೇಳುತ್ತಿದ್ದೆಯೋ, ಅಥವಾ ನಾನು ಏನಾದರೂ ಕೇಳಲಿ ಅಂತಲೋ?

ಯುಗಾದಿಯ ದಿನ ಬಸ್ ಸ್ಟ್ಯಾಂಡಿನಿಂದ ಮನೆಗೆ ಕರೆತಂದೆಯಲ್ಲ, ಅಷ್ಟು ದೂರದಲ್ಲಿ ಏಳು ಸಲ ಸೀನಿದೆ ನಾನು. ಇಳಿದವನೇ ಶುರು ಮಾಡಿದೆ.

‘ಬುದ್ಧಿ ಐತೇನು ನಿನಗ? ಇಂಥಾ ಗಾಡ್ಯಾಗ ಯಾರರ ಖಾರ ಹೇರ್ತಾರೇನು? ನಾ ಅಷ್ಟು ಚಂದ ಮಾಡಿಕೊಟ್ಟು ಹೋಗಿದ್ನೆಲ್ಲ!’

‘ಹ್ಞೂಂ, ನಾನ ಕೆಡಿಸೀನಿ. ಈಗ ಹೋಳಿಗಿ ತಿನ್ನು.’

‘ಹೋಳಿಗಿ ಬ್ಯಾಡ ನನಗ. ನಿನ್ನ ಆಸಿಗೆ ಗಾಡಿ ಹಾಳಾತು. ಆಸೆಬುರುಕಿ ನೀನು.’

ನೀನು ತಟ್ಟೆ ಹಿಡಿದು ನಿಂತಿದ್ದೆ. ‘ಆತು ಬಿಡಪ. ಬೈದು ಬೈದು ಹೊಟ್ಟಿ ಹಸದಿರಬೇಕು, ಕುಂದ್ರು’ ಅಂದೆ. ನಾನು ಕೂರಲಿಲ್ಲ. ಬಂದ ಬ್ಯಾಗು ಬಿಚ್ಚಲೂ ಇಲ್ಲ, ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ವಾಪಸ್ ಹೋದೆ. ಆಮೇಲೆ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಪರದೆಯ ಮೇಲೆ ನಿನ್ನ ಹೆಸರು ಬೆಳಗಿ ಆರುವ ತನಕ ನೋಡುತ್ತಾ ಕೂತಿದ್ದೆ.

ಯುಗಾದಿಯಾಗಿ ಎರಡನೇ ವಾರ, ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ನಿಂತಾಗ ನಿನಗೆ ಜ್ವರ ಬಂದು ಆರು ದಿನವಾಗಿತ್ತು. ಶಾರದಾ ಟೀಚರ್ ಫೋನ್ ಮಾಡಿದ್ದಕ್ಕೆ ಗೊತ್ತಾಯಿತು ನನಗೆ. ನೀನು ಕಣ್ಣು ತೆರೆದು, ‘ಉಂಡಿಯೇನು?’ ಅಂದೆ. ಹ್ಞೂಂ ಅಂದೆ ನಾನು. ಉಂಡಿರಲಿಲ್ಲ. ನಾಳೆ ನಿಧಾನಕ್ಕೆ ಮಾತಾಡಿದರಾಯಿತು ಅಂದುಕೊಂಡೆ. ನಾಳೆ ನೀನು ಕಣ್ಣೇ...

ಹನ್ನೊಂದನೇ ದಿನದ ಕಾರ್ಯಕ್ಕೆ ಗಣಿತದ ಸರ್ ಮನೆಗೆ ಬಂದಿದ್ದರು. ಉಂಡು ಕೈ ತೊಳೆದುಕೊಳ್ಳುತ್ತಾ, ‘ಚಲೋ ಹೆಣ್ಣುಮಗಳು, ಪಾಪ. ಆಸಿ ಒಂದು ಜಾಸ್ತಿ ಆತು, ಖಾರ ಹೇರಿ ಗಾಡಿ ಕೆಡಿಸಿಕೊಂಡ್ಲು’ ಅಂದರು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಅದೇ ಮಾತು. ನೀನು ಹೋದ ಮೇಲೆ ಸಿರುಗುಪ್ಪದಲ್ಲಿ ನಿನ್ನದು ಅಂತ ಉಳಿದದ್ದು ಎರಡೇ, ಬೇವಿನ ಗಿಡದ ಕೆಳಗೆ ನಿಂತ ಕಾರು ಮತ್ತು ಆ ಮಾತು. ಯುಗಾದಿಯ ದಿನ ನಾನೂ ಅದನ್ನೇ ಅಂದಿದ್ದೆನಲ್ಲ?

ಒಂದು ವರ್ಷ ಕಾರು ಅಲ್ಲೇ ನಿಂತಿತ್ತು, ನಾನು ಬಳ್ಳಾರಿಯ ಕೌಲ್ ಬಜಾರಿನ ಖೋಲಿಯಲ್ಲಿದ್ದೆ. ನಡುವೆ ಮೂರು ಕೆಲಸ ಬಿಟ್ಟೆ. ಈಗ ಎಲ್ಲಿ ಅದಿಯಲೇ ಅಂತ ಕೇಳುವವರು ಯಾರೂ ಇಲ್ಲದಿದ್ದರೆ ಕೆಲಸ ಬಿಡುವುದರಲ್ಲೂ ಗಮ್ಮತ್ತು ಇರುವುದಿಲ್ಲ ಅಕ್ಕಾ. ಏಪ್ರಿಲ್‌ನಲ್ಲಿ ಶಾರದಾ ಟೀಚರ್ ಫೋನ್ ಮಾಡಿದರು. ‘ಬಸ್ಸಿನ್ಯಾಗ ನಿಂತು ನಿಂತು ಮೊಣಕಾಲು ಹೋದುವಪ. ಅಕ್ಕನ ಗಾಡಿ ಮಾರಿದಿಯೇನು? ಏಸಿ ಸರಿ ಮಾಡಿಸಿ ನೀನ ಹೊಡದ್ರ ಸಾಲಿ ಶುರು ಆದಮ್ಯಾಲೆ ನಾವು ಮೂರೂ ಮಂದಿ ನಿನ್ನ ಜೋಡಿ ಬರ್ತೀವಿ’ ಅಂದರು. ಲೈಸೆನ್ಸ್ ನೀನೇ ಹಟ ಹಿಡಿದು ಮಾಡಿಸಿದ್ದೆ. ಮರುದಿನವೇ ಹೋಗಿ, ಹೊಸ ಬ್ಯಾಟರಿ ಹಾಕಿ, ಎಲ್ಲ ಗಾಜು ಇಳಿಸಿಕೊಂಡು ಕಾರನ್ನು ಬಳ್ಳಾರಿಗೆ ತಂದೆ.

ನಮ್ಮ ಗಲ್ಲಿಯ ಖಾಜಾ ಭಾಯ್ ನಿನಗೆ ಗೊತ್ತು. ನನ್ನ ಖೋಲಿಯ ಎದುರಿಗೇ ಅವರ ಕಾರ್ ಎಲೆಕ್ಟ್ರಿಕ್ ಅಂಗಡಿ. ನಾನೇ ಮಾಡುತ್ತೇನೆ ಅಂದೆ. ‘ಮಾಡು ಭಾಯ್. ಆದ್ರ ಗ್ಯಾಸಿನ ಪೈಪ್ ಮುಟ್ಟಿದ್ರ ನಾ ನಿನ್ನ ಮುಟ್ತೀನಿ’ ಅಂದರು. ಬಾಗಿಲ ಮುಂದೆ ಕಾರು ನಿಲ್ಲಿಸಿ, ಫೋನಿನಲ್ಲಿ ವಿಡಿಯೋ ಹಚ್ಚಿ, ಎಡಗಡೆ ಸೀಟಿನ ಮುಂದಿನ ಡಬ್ಬಿ ಬಿಚ್ಚಿದೆ. ಅದರ ಹಿಂದೆ ಉದ್ದನೆಯ ಮುಚ್ಚಳ. ವಿಡಿಯೋದವನು ಅದನ್ನು ತೆಗೆದು ಒಳಗಿಂದ ಒಂದು ಮಡಿಕೆ ಮಡಿಕೆಯ ಕಾಗದದ ಹಲಗೆ ಎಳೆದ. ಇದು ಫಿಲ್ಟರ್, ಕಾರಿನೊಳಗಿನ ಗಾಳಿಯ ಧೂಳು ಹಿಡಿಯುವುದು ಇದೇ, ಇದಿಲ್ಲದೆ ಏಸಿ ಹಾಕಲೇಬಾರದು ಅಂದ. ನಾನೂ ಮುಚ್ಚಳ ತೆಗೆದೆ. ಒಳಗೆ ಖಾಲಿ.

‘ಭಾಯ್, ನೋಡ್ರಿಲ್ಲಿ, ಕಳ್ಳರು ಫಿಲ್ಟರೂ ಬಿಡಂಗಿಲ್ಲೇನು?’ ಅಂತ ಕೂಗಿದೆ. ಕೂಗಿ ಮುಗಿಸುವಷ್ಟರಲ್ಲಿ ಕೈಯಲ್ಲಿದ್ದ ಮುಚ್ಚಳದ ಮೇಲೆ ಕಣ್ಣು ಬಿತ್ತು. ಆ ಮುಚ್ಚಳ ನನಗೆ ಗೊತ್ತಿತ್ತು ಅಕ್ಕಾ. ದೀಪಾವಳಿಯ ದಿನ ಅದನ್ನು ತೆಗೆದವನು ನಾನೇ. ಒಳಗೆ ಮಡಿಕೆ ಮಡಿಕೆಯಾಗಿ ಏನೋ ಇತ್ತು, ಗಣಿ ಲಾರಿಗಳ ಕೆಂಪು ಧೂಳು ಕೂತು ಇಟ್ಟಿಗೆಯ ಹಾಗಾಗಿತ್ತು. ಗಾಳಿಗೆ ಅಡ್ಡ ಯಾರೋ ಕಸ ತುರುಕಿದ್ದಾರೆ ಅಂದುಕೊಂಡೆ. ಗೋಡೆಗೆ ನಾಲ್ಕು ಸಲ ಬಡಿದೆ, ಹರಿದುಹೋಯಿತು. ಕಾಲುವೆಗೆ ಎಸೆದು ಬಂದೆ. ಗಾಳಿ ಎರಡು ಪಟ್ಟಾದದ್ದು ಅದಕ್ಕೇ. ಹಿಂದಿನ ವರ್ಷ ನೀನು ಹೇರಿದ ಖಾರವನ್ನು ಆ ಫಿಲ್ಟರ್ ಹಿಡಿದಿತ್ತು. ಈ ಸಲ ತಡೆಯುವುದು ಏನೂ ಇರಲಿಲ್ಲ.

ಖಾಜಾ ಭಾಯ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ‘ಕಳ್ಳ ಅಲ್ಲ ಭಾಯ್. ಹ್ವಾದ ವರ್ಷದ ಶಿವರಾತ್ರಿ ಆದಮ್ಯಾಲೆ ನಿಮ್ಮಕ್ಕ ಬಂದಿದ್ಲು. ನೀ ಕೆಲಸಕ್ಕ ಹೋಗಿದ್ದಿ. ನಾನ ಬಿಚ್ಚಿ ನೋಡಿ ಹೇಳ್ದೆ, ಅಮ್ಮಾ, ಫಿಲ್ಟರ್ ಇಲ್ಲ, ಖಾರ ಸೀದಾ ಒಳಗ ಹೋಗಿ ತಂಪು ಮಾಡೋ ಜಾಲಿ ಮ್ಯಾಲೆ ಕುಂತೈತಿ. ತೆಗದವನ ಕೈ ಮುರೀಬೇಕು ಅಂದೆ.’

‘ಆಕಿ ಏನಂದ್ಲು?’

‘ಆ ಖಾಲಿ ಜಾಗದಾಗ ಬೆರಳು ಆಡಿಸಿ ನೋಡಿದ್ಲು. ಆಮ್ಯಾಲೆ ನಕ್ಕಳು. ನಾನ ತೆಗದೀನಿ ಭಾಯ್, ನನ್ನ ಕೈ ಮುರೀಬ್ಯಾಡ, ಸ್ಟೇರಿಂಗ್ ಹಿಡೀಬೇಕು ಅಂದ್ಲು. ಎರಡು ದಿನ ಗಾಡಿ ಬಿಡವ್ವ ಅಂದೆ. ಪರೀಕ್ಷಿ ನಡದಾವ, ಟೀಚರ್‌ಗೋಳಿಗೆ ತ್ರಾಸ ಆಗ್ತೈತಿ, ಸಾಲಿ ರಜಾ ಬಿಟ್ಟ ಕೂಡ್ಲೇ ಬರ್ತೀನಿ ಅಂದ್ಲು. ನಮ್ಮ ತಮ್ಮಗ ಹೇಳಬ್ಯಾಡ ಅಂತನೂ ಅಂದ್ಲು. ಯಾಕ ಅಂತ ಈಗ ನಿನ್ನ ಮಾರಿ ನೋಡಿ ತಿಳೀತು ನನಗ.’

ಅಂದರೆ ಯುಗಾದಿಯ ದಿನ ನಿನಗೆ ಗೊತ್ತಿತ್ತು. ನಾನು ಬಾಯಿಗೆ ಬಂದ ಹಾಗೆ ಅನ್ನುತ್ತಿದ್ದಾಗ, ನೀನು ತಟ್ಟೆ ಹಿಡಿದು ನಿಂತಿದ್ದಾಗ, ಎಲ್ಲ ಗೊತ್ತಿತ್ತು. ಒಂದೇ ಮಾತು ಸಾಕಿತ್ತಲ್ಲ ಅಕ್ಕಾ, ‘ಲೇ, ಫಿಲ್ಟರ್ ಎಲ್ಲಿ?’ ಅಂತ? ಯಾಕೆ ಕೇಳಲಿಲ್ಲ? ಓಣಿಯ ತುಂಬ ನನ್ನನ್ನು ಹೊಗಳಿಕೊಂಡು ಬಂದಿದ್ದೆ, ಅದಕ್ಕಾ? ಹೇಳಿದರೆ ನಾನು ಮತ್ತೆ ಇನ್ನೆಲ್ಲಿಗಾದರೂ ಓಡಿಹೋಗುತ್ತೇನೆ ಅಂತಲಾ? ಈಗ ಯಾರನ್ನು ಕೇಳಲಿ?

ಆವತ್ತು ಮಧ್ಯಾಹ್ನದಿಂದ ಮೂರು ದಿನ ನಾನು ಆ ಕಾರಿನ ಹೊಟ್ಟೆಯೊಳಗೇ ಇದ್ದೆ. ಮೂರು ಸ್ಕ್ರೂ ತೆಗೆದರೆ ಗಾಳಿ ಬೀಸುವ ಫ್ಯಾನು ಕೈಗೆ ಬರುತ್ತದೆ, ಅದರ ಎಸಳೆಸಳಿಗೂ ಮೆಣಸಿನ ಬೀಜ. ಅದರಾಚೆ ಜಾಲಿ. ಏಸಿ ಹಾಕಿದಾಗ ಅದರ ಮೇಲೆ ನೀರು ಕೂರುತ್ತದೆ, ಖಾರದ ಪುಡಿ ಆ ನೀರಿಗೆ ಅಂಟಿ ಚಟ್ನಿ ಮೆತ್ತಿದ ಹಾಗೆ ಒಣಗಿತ್ತು. ಸೋಪಿನ ನೀರು ಚಿಮುಕಿಸಿ ಹಳೆಯ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದೆ. ಕೈ ಉರಿದಾಗ ಮಜ್ಜಿಗೆಯಲ್ಲಿ ಅದ್ದಿಕೊಂಡೆ. ಮೊದಲ ದಿನ ನೀರು ಹೊರಗೆ ಹೋಗದೆ ಕಾಲು ಇಡುವ ಜಾಗದಲ್ಲೇ ತುಂಬಿತು. ಕೆಳಗಿನ ರಬ್ಬರ್ ಪೈಪಿಗೆ ಸೈಕಲ್ ಬ್ರೇಕಿನ ತಂತಿ ತೂರಿಸಿ ಆಡಿಸಿದೆ. ಬೀಜದ ಮುದ್ದೆ ಬಿತ್ತು, ಹಿಂದೆಯೇ ಕೆಂಪು ನೀರು ಗಲ್ಲಿಯ ತುಂಬ ಹರಿಯಿತು.

ಪಕ್ಕದ ಮನೆಯ ತೆಲುಗಿನ ನರಸಮ್ಮ ಸೀನುತ್ತಾ ಹೊರಗೆ ಬಂದಳು. ‘ಏಂ ಅಬ್ಬಾಯ್, ಕಾರಿನ್ಯಾಗ ಸಾರು ಇಟ್ಟೀಯೇನು?’

‘ಈರುಳ್ಳಿ ಹಾಕಾದು ಮರತಾನ ಅಮ್ಮಾ’ ಅಂತ ಖಾಜಾ ಭಾಯ್ ಅಂಗಡಿಯಿಂದ ಕೂಗಿದರು, ಅವರೂ ಸೀನಿದರು. ಗಲ್ಲಿಗೆ ಗಲ್ಲಿಯೇ ಸೀನಿ, ಬೈದು, ನಕ್ಕು, ಬಾಗಿಲು ಹಾಕಿಕೊಂಡಿತು. ಆಮೇಲೆ ಹೊರಗೆ ಉಳಿದದ್ದು ನಾನು ಮತ್ತು ನಿನ್ನ ಕಾರು. ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು. ಅಳುತ್ತಿದ್ದೇನೆ ಅಂತ ಯಾರಿಗೂ ಅನ್ನಿಸದ ಕೆಲಸ ಅದು.

ಮೂರನೇ ದಿನ ನೀರು ತಿಳಿಯಾಗಿ ಬಂತು. ಡ್ಯಾಶ್‌ಬೋರ್ಡಿನ ಸಣ್ಣ ಜಾಲರಿಯ ಹಿಂದೆ ಒಳಗಿನ ಬಿಸಿ ಎಷ್ಟಿದೆ ಅಂತ ನೋಡುವ ಸೆನ್ಸರ್ ಇರುತ್ತದೆ, ಅದಕ್ಕೂ ಧೂಳು ಕಟ್ಟಿತ್ತು, ಒರೆಸಿದೆ. ಹೊಸ ಫಿಲ್ಟರ್ ತಂದೆ. ಗಾಳಿ ಯಾವ ಕಡೆ ಹೋಗಬೇಕು ಅಂತ ಅದರ ಮೇಲೆ ಬಾಣದ ಗುರುತು ಇರುತ್ತದೆ. ಎರಡು ಸಲ ನೋಡಿ, ಖಾಜಾ ಭಾಯ್‌ಗೆ ತೋರಿಸಿ ಕೂರಿಸಿದೆ. ಇಪ್ಪತ್ನಾಲ್ಕು ಒತ್ತಿ ಗಾಜು ಏರಿಸಿಕೊಂಡು ಕೂತೆ. ಸೀನಿಗೆ ಕಾದೆ. ಬರಲಿಲ್ಲ. ತಣ್ಣಗಾಯಿತು. ಪಕ್ಕಕ್ಕೆ ತಿರುಗಿ ‘ಹೆಂಗೈತಿ?’ ಅನ್ನಲಿಕ್ಕೆ ಬಾಯಿ ತೆರೆದಿದ್ದೆ... ಅರ್ಧ ತಾಸು ಹಾಗೇ ಕೂತಿದ್ದು ಇಳಿದೆ.

ಇಳಿದಾಗ ಖಾಜಾ ಭಾಯ್ ಒಂದು ಮಾತು ಹೇಳಿದರು. ‘ಟೀಚರ್‌ಗೋಳ ಮುಂದ ಫಿಲ್ಟರ್ ಕಥಿ ಬಾಯಿ ಬಿಡಬ್ಯಾಡ. ಕೆಡಿಸಿದವನ ಕೈಯಾಗ ಯಾರು ಜೀವ ಕೊಟ್ಟು ಕುಂದ್ರತಾರ? ಆಕಿ ಹ್ಯಾಂಗೂ ತನ್ನ ಮ್ಯಾಲೆ ಹಾಕ್ಕೊಂಡು ಹೋಗ್ಯಾಳ. ಆಕಿಗೇನು ಹತ್ತತೈತಿ ಈಗ?’

ಅದು ಸುಳ್ಳಾಗಿರಲಿಲ್ಲ. ನನಗೆ ಬೇರೆ ಕೆಲಸ ಇರಲಿಲ್ಲ. ಮೂರು ಸೀಟು ತುಂಬಿದರೆ ಮಾತ್ರ ಕಾರು ಉಳಿಯುತ್ತದೆ. ಯಾರು ಏನಂದರೂ ನಿನಗೇನು ಹತ್ತುತ್ತದೆ ಅಂತ ನಾನೂ ಎರಡು ದಿನ ನನಗೆ ನಾನೇ ಹೇಳಿಕೊಂಡೆ.

ಮೇ ಕೊನೆಯಲ್ಲಿ, ಶಾಲೆ ಶುರುವಾಗುವ ಮುಂಚೆ, ಒಂದು ದಿನ ಮೂವರನ್ನೂ ಕೂರಿಸಿಕೊಂಡು ಸಿರುಗುಪ್ಪದಿಂದ ಕುರುಗೋಡಿಗೆ ಹೊರಟೆ. ಅವರಿಗೆ ಶಾಲೆಯಲ್ಲಿ ಮೀಟಿಂಗು, ನನಗೆ ಪರೀಕ್ಷೆ. ಗಣಿತದ ಸರ್ ಮುಂದೆ ಕೂತು ಮೊದಲೇ ಮೂಗಿಗೆ ಕರ್ಚೀಫು ಹಿಡಿದಿದ್ದರು. ಸುಮಾ ಟೀಚರ್ ಎಂದಿನಂತೆ ಕೂತ ತಕ್ಷಣ ನಿದ್ದೆ. ತೆಕ್ಕಲಕೋಟೆ ದಾಟಿತು, ಯಾರೂ ಸೀನಲಿಲ್ಲ. ಸರ್ ಕರ್ಚೀಫು ಮಡಚಿ ಜೇಬಿಗಿಟ್ಟರು.

‘ಶಾಣ್ಯಾ ಅದಿಯಲೇ ಎರ್ರಿ. ನಿಮ್ಮಕ್ಕ ಕೆಡಿಸಿದ್ದನ್ನ ನೀ ಸರಿ ಮಾಡಿದಿ.’

ಸುಮ್ಮನಿರಬಹುದಿತ್ತು. ಹ್ಞೂಂ ಅನ್ನುವುದೂ ಬೇಕಿರಲಿಲ್ಲ, ಗೇರ್ ಬದಲಾಯಿಸಿದ್ದರೆ ಸಾಕಿತ್ತು. ನಾನು ಕಾರನ್ನು ಬದಿಗೆ ನಿಲ್ಲಿಸಿದೆ. ‘ಸರ್, ಕೆಡಿಸಿದ್ದು ಆಕಿ ಅಲ್ಲ, ನಾನು’ ಅಂದೆ. ದೀಪಾವಳಿ, ಕಾಲುವೆ, ಖಾಜಾ ಭಾಯ್, ಎಲ್ಲ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ, ಸ್ಟೇರಿಂಗ್ ನೋಡಿ ಹೇಳಿದೆ.

ಗಣಿತದ ಸರ್ ಕೆಂಪಾದರು. ‘ಅಂದ್ರ ಏನೂ ತಿಳೀದ ಕೈ ಹಾಕೋನು ನೀನು. ನಾಳೆ ಬ್ರೇಕಿನ್ಯಾಗ ಏನು ಕಸ ಕಾಣ್ತದೋ ನಿನಗ! ನಾ ಬಸ್ಸಿಗೆ ಹೋಗ್ತೀನಪ, ದೊಡ್ಡ ನಮಸ್ಕಾರ.’

ಹಿಂದಿನ ಸೀಟಿನಲ್ಲಿ ಶಾರದಾ ಟೀಚರ್ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಆಗಲೇ ಎಚ್ಚರವಾದ ಸುಮಾ ಟೀಚರ್, ‘ಮತ್ತ ಖಾರ ಬಂತೇನ್ರಿ ಟೀಚರ್?’ ಅಂದರು. ಯಾರೂ ನಗಲಿಲ್ಲ.

‘ಆಕಿಗೆ ನಾನೂ ಒಂದು ಮಾತು ಅಂದಿದ್ದೆ’ ಅಂದರು ಶಾರದಾ ಟೀಚರ್. ‘ಮಂದಿ ಕುಂದ್ರಿಸಬೇಕಂತಿಯೋ, ಚೀಲ ಕುಂದ್ರಿಸಬೇಕಂತಿಯೋ ಒಂದು ಹೇಳವ್ವ ಅಂತ. ತಪ್ಪಾತ್ರಿ ಟೀಚರ್ ಅಂದ್ಲು. ನನ್ನ ಮುಂದರ ಹೇಳಬೇಕಿತ್ತು ಆಕಿ.’ ಕಾಲುವೆಯ ಕಡೆ ನೋಡುತ್ತಾ ಕೂತರು. ಆಮೇಲೆ, ‘ನಡಿ, ಹೊತ್ತಾತು. ಸಾಲಿ ಶುರು ಆದ ದಿನ ಏಳೂವರಿಗೆ ಮನಿ ಮುಂದ ನಿಂತಿರಬೇಕು ನೀನು. ಯಾವದರ ಒಂದು ಸ್ಕ್ರೂ ಬಿಚ್ಚಿದ್ರೂ ಮೊದಲ ನನ್ನ ಕೇಳಬೇಕು’ ಅಂದರು.

ಶಾಲೆ ಶುರುವಾಗಿ ಎರಡು ವಾರವಾಯಿತು ಅಕ್ಕಾ. ಕೌಲ್ ಬಜಾರಿನ ಖೋಲಿ ಬಿಟ್ಟೆ. ಸಿರುಗುಪ್ಪದ ಮನೆಯ ಬೀಗ ತೆಗೆದು ಕಸ ಹೊಡೆದು ಇಲ್ಲೇ ಇದ್ದೇನೆ. ಅಡಿಗೆ ಬರುವುದಿಲ್ಲ, ಅನ್ನ ಮುದ್ದೆಯಾಗುತ್ತದೆ. ಸಂಜೆ ಬಂದು ಚಪ್ಪಲಿ ಬಿಟ್ಟರೆ ಮಾತಾಡಲು ಯಾರೂ ಇರುವುದಿಲ್ಲ, ಅದಕ್ಕೇ ದಿನಾ ನಾಲ್ಕು ಸಾಲಿನಂತೆ ಇದನ್ನು ಬರೆಯುತ್ತಾ ಬಂದೆ. ಸೀಟು ಎರಡೇ ತುಂಬಿವೆ. ಮೂರನೆಯದಕ್ಕೆ ಯಾರಾದರೂ ಸಿಗುತ್ತಾರಾ ನೋಡುತ್ತಿದ್ದೇನೆ. ಸಿಗದಿದ್ದರೂ ಈ ಸಲ ಬಿಟ್ಟು ಹೋಗುವುದಿಲ್ಲ.

ಗಣಿತದ ಸರ್ ಬಸ್ಸಿಗೇ ಹೋಗುತ್ತಾರೆ. ಬಸ್ಸು ಬರುವ ತನಕ ಚಹಾದಂಗಡಿಯಲ್ಲಿ ಕೂತು ಕಾಲುವೆಗೆ ಫಿಲ್ಟರ್ ಎಸೆದ ಕಥೆಯನ್ನು ಒಬ್ಬರನ್ನೂ ಬಿಡದೆ ಹೇಳುತ್ತಾರೆ. ಕೈ ಬೀಸಿ ತೋರಿಸುತ್ತಾರಂತೆ. ಆಸೆ, ಖಾರದ ಚೀಲ ಅನ್ನುವ ಮಾತು ಅಲ್ಲಿ ಈಗ ಯಾರ ಬಾಯಲ್ಲೂ ಇಲ್ಲ, ನಾನೇ ಹೋಗಿ ಕೂತು ಕೇಳಿದ್ದೇನೆ. ನನಗೆ ಮಾತ್ರ ಫಿಲ್ಟರ್ ಅಂತ ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಬಸ್ ಸ್ಟ್ಯಾಂಡ್ ಮುಂದೆ ನಿನ್ನ ಕಾರು ಹೋದರೆ ಸಾಕು, ‘ಲೇ ಫಿಲ್ಟರ್!’ ಅಂತ ಇಡೀ ಅಂಗಡಿಯೇ ಕೂಗುತ್ತದೆ.

ಗಾಜು ಇಳಿಸಿ, ದಿನಾ ಓ ಅನ್ನುತ್ತೇನೆ ಅಕ್ಕಾ.

ನಿನ್ನ ಎರ್ರಿ